ಜಡೆ ಎಳೆಯುವ ದೊಡ್ಡಮ್ಮ

ಆ ರಕ್ತಪರೀಕ್ಷಾ ಕೇಂದ್ರದಲ್ಲಿ ಎಲ್ಲರೂ ಅವರನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ಗಾಜಿನ ಕೊಳವೆಗಳನ್ನು ತೊಳೆದು ಒಣಗಿಸುವುದು ಅವರ ಕೆಲಸ. ನಾನು ವರದಿ ವಿಭಾಗಕ್ಕೆ ಸೇರುವ ಹೊತ್ತಿಗೆ ಅವರ ದಿನದ ಅರ್ಧವನ್ನು ಬೇರೊಂದು ಕೆಲಸ ನುಂಗಿಹಾಕಿತ್ತು.

ಪರೀಕ್ಷಾ ಯಂತ್ರಕ್ಕೆ ಜೋಡಿಸಿದ್ದ ಕಂಪ್ಯೂಟರ್ ಫಲಿತಾಂಶಗಳನ್ನು ನಮ್ಮ ಕೋಣೆಗೆ ಕಳುಹಿಸಬೇಕು. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಸಾಕು, ಅದರ ನೆಟ್‌ವರ್ಕ್ ಸಂಪರ್ಕ ಕಡಿದುಹೋಗುತ್ತಿತ್ತು. ತಾನಾಗಿ ಮತ್ತೆ ಕೂಡಿಕೊಳ್ಳುತ್ತಿರಲಿಲ್ಲ. ಹಿಂಬದಿಯ ನೀಲಿ ಕೇಬಲನ್ನು ಒಮ್ಮೆ ಕಿತ್ತು ಪುನಃ ಚುಚ್ಚಬೇಕು. ಕಂಪ್ಯೂಟರ್ ಇದ್ದದ್ದು ಗೋಡೆಗೂ ಫ್ರಿಜ್ಜಿಗೂ ನಡುವಿನ ಇಕ್ಕಟ್ಟಿನಲ್ಲಿ. ಮಂಡಿಯೂರಿ, ದೂಳಿನಲ್ಲಿ ಕೈ ತೂರಿಸಿ ತಡಕಬೇಕು. ಓದಿದವರ ಬಟ್ಟೆ ಕೊಳೆಯಾಗಬಾರದಲ್ಲ, ಆ ಕೆಲಸ ದೊಡ್ಡಮ್ಮನ ಪಾಲಿಗೆ ಬಂತು. ಕಂಪ್ಯೂಟರಿಗೆ ಮಹಾರಾಣಿ ಎಂದೂ ಅದರ ಬೆನ್ನ ಹಿಂದಿನ ಆ ಕೇಬಲಿಗೆ ಜಡೆ ಎಂದೂ ಅವರೇ ಹೆಸರಿಟ್ಟಿದ್ದರು.

"ದೊಡ್ಡಮ್ಮಾ, ಜಡೆ ಎಳೀರಿ!" ಎಂದು ಯಾರಾದರೂ ಕೂಗುವರು. ಅವರು ಕೈಯ ನೊರೆ ಒರೆಸಿಕೊಂಡು ಬರುವರು.

"ಎಳೆದೆ ಕಣಪ್ಪ. ಎದ್ದಳಾ ಮಹಾರಾಣಿ?"

"ಎದ್ದಳು, ಎದ್ದಳು."

"ಹಾಗಾದ್ರೆ ಈಗ ನನ್ನನ್ನ ಎಬ್ಬಿಸೋಕೆ ಯಾರಾದ್ರೂ ಬನ್ನಿ."

ಎಲ್ಲರೂ ನಗುತ್ತಿದ್ದರು, ಕುರ್ಚಿಯಿಂದ ಮಾತ್ರ ಯಾರೂ ಏಳುತ್ತಿರಲಿಲ್ಲ.

ಆ ವರ್ಷ ಅವರ ಮಗಳಿಗೆ ಚೊಚ್ಚಲ ಹೆರಿಗೆ ಹತ್ತಿರವಾಗಿತ್ತು. ಅವಳಿದ್ದದ್ದು ಬೇರೆ ಊರಿನಲ್ಲಿ. ಗಂಡನ ಹೊರತು ನೋಡಿಕೊಳ್ಳುವವರಿರಲಿಲ್ಲ. ದೊಡ್ಡಮ್ಮ ರಜೆ ಕೇಳಿದರು. ಕೊಳವೆ ತೊಳೆಯಲು ಪರಿಚಯದ ಹೆಂಗಸೊಬ್ಬಳನ್ನು ತಾವೇ ಗೊತ್ತುಮಾಡಿದ್ದರು. ವ್ಯವಸ್ಥಾಪಕರು ತಲೆ ಕೆರೆದುಕೊಂಡರು.

"ತೊಳೆಯೋಕೆ ಯಾರಾದ್ರೂ ಸಿಗ್ತಾರೆ ದೊಡ್ಡಮ್ಮ. ಜಡೆ ಎಳೆಯೋರು ಯಾರು? ಯಂತ್ರದ ಹತ್ತಿರ ಹೊಸಬರನ್ನ ಬಿಡೋಕಾಗಲ್ಲ. ಅದು ಸರಿಹೋದ ದಿನ ಹೊರಡಿ."

"ಹೆರಿಗೆ ನಿಮ್ಮ ಕಂಪ್ಯೂಟರ್‌ಗೆ ಕಾಯುತ್ತಾ ಸ್ವಾಮಿ?"

ವ್ಯವಸ್ಥಾಪಕರು ರಜೆಯ ಅರ್ಜಿಯನ್ನು ಮೇಜಿನ ಖಾನೆಗೆ ಹಾಕಿದರು. ಬೆಳಿಗ್ಗೆ ಬಂದ ದೊಡ್ಡಮ್ಮನನ್ನು ಜಡೆ ಎಳೆಯಲೆಂದು ಸಂಜೆಯ ಪಾಳಿ ಮುಗಿಯುವವರೆಗೂ ಇರಿಸಿಕೊಳ್ಳುತ್ತಿದ್ದವರೇ "ಈಚೆಗೆ ದೊಡ್ಡಮ್ಮ ಸ್ವಲ್ಪ ನಿಧಾನ" ಎಂದು ಆಡಿಕೊಳ್ಳುತ್ತಿದ್ದರು. ದಣಿವಿಗೆ ಸೋಮಾರಿತನವೆಂದು ಹೆಸರಿಡುವವರನ್ನು ನಾನು ಇಂದಿಗೂ ಕ್ಷಮಿಸಲಾರೆ.

ಕಡೆಗೂ ಕಂಪ್ಯೂಟರ್ ರಿಪೇರಿಯವನನ್ನು ಕರೆಸಿದರು. ಹಿಂದೆ ಬಂದವರು ಕೇಬಲ್ ಬದಲಾಯಿಸಿ ಹೋಗಿದ್ದರು. ಇವನು ಕೇಬಲನ್ನು ಮುಟ್ಟಲಿಲ್ಲ. ಬಹಳ ಹೊತ್ತು ಪರದೆಯನ್ನೇ ನೋಡಿದ.

"ಕರೆಂಟ್ ಉಳಿಸೋಕೆ ಅಂತ ಒಳಗಿರೋ ನೆಟ್‌ವರ್ಕ್ ಕಾರ್ಡ್ ನಿದ್ದೆ ಹೋಗುತ್ತೆ. ಅದನ್ನ ನಡೆಸೋ ತಂತ್ರಾಂಶ ಇದೆಯಲ್ಲ, ಡ್ರೈವರ್ ಅಂತೀವಿ, ಅದಕ್ಕೆ ಎಬ್ಬಿಸೋಕೆ ಬರ್ತಿಲ್ಲ."

"ಕೆಲಸದ ಮಧ್ಯೆ ನಿದ್ದೆನಾ? ಪುಣ್ಯವಂತೆ!" ಎಂದರು ದೊಡ್ಡಮ್ಮ.

ಕಾರ್ಡಿಗೆ ನಿದ್ರಿಸುವ ಅನುಮತಿಯೇ ಇಲ್ಲದಂತೆ ಅವನು ವ್ಯವಸ್ಥೆ ಮಾಡಿದ. ದಿನವಿಡೀ ಸಂಪರ್ಕ ಕಡಿಯಲಿಲ್ಲ. ದೊಡ್ಡಮ್ಮ ಮನೆಗೆ ಹೋಗಿ ಚೀಲಕ್ಕೆ ಬಟ್ಟೆ ತುಂಬಿದರು.

ಮರುದಿನ ಬೆಳಿಗ್ಗೆ ಮತ್ತೆ ಅದೇ ಕೂಗು. ಅಂದು ಅವರು ಕೈಯ ನೊರೆಯನ್ನೂ ಒರೆಸಿಕೊಳ್ಳದೆ ಬಂದು ಮಂಡಿಯೂರಿದರು. ಏಳುವಾಗ ಫ್ರಿಜ್ಜಿನ ಬಾಗಿಲನ್ನು ಹಿಡಿದುಕೊಂಡು ಅಲ್ಲಿಯೇ ಸ್ವಲ್ಪ ಹೊತ್ತು ನಿಂತುಬಿಟ್ಟರು. ಯಾರೂ ನಗಲಿಲ್ಲ.

ರಿಪೇರಿಯವನು ಪುನಃ ಬಂದ. ತಾನಾಗಿ ಇಳಿದ ಅಪ್‌ಡೇಟ್ ಆ ಡ್ರೈವರನ್ನು ಹೊಸದಾಗಿ ಕೂರಿಸಿ, ಅವನು ಮಾಡಿದ್ದನ್ನೆಲ್ಲ ಅಳಿಸಿಹಾಕಿತ್ತು. ಹೊಸದನ್ನು ಕಿತ್ತೊಗೆದು, ಕಾರ್ಡ್ ತಯಾರಿಸಿದವರ ಹಳೆಯ ಡ್ರೈವರನ್ನೇ ಹಾಕಿ, ಮುಂದೆ ಅಪ್‌ಡೇಟ್ ಅದರ ತಂಟೆಗೆ ಬಾರದಂತೆ ತಡೆದ. ಕಂಪ್ಯೂಟರನ್ನು ಬೇಕೆಂದೇ ಮಲಗಿಸಿ ಎಬ್ಬಿಸಿದ, ಸಂಪರ್ಕ ಕೂಡಿತು. ಹೊರಗಿನಿಂದ ಬರುವ ಸಂಪರ್ಕವನ್ನೇ ಕಡಿದು ಮತ್ತೆ ಕೊಟ್ಟ, ಆಗಲೂ ಕೂಡಿತು.

"ಒಂದು ವಾರ ನೋಡೋಣ," ಎಂದರು ವ್ಯವಸ್ಥಾಪಕರು.

"ನೋಡಿ ಸಾರ್, ಚೆನ್ನಾಗಿ ನೋಡಿ. ನೋಡೋಕೆ ದೊಡ್ಡಮ್ಮನೇ ಬೇಕಾ? ನಿಮಗೂ ಕಣ್ಣಿದೆಯಲ್ಲ," ಎಂದ ಅವನು, ಚೀಲ ಹೆಗಲಿಗೇರಿಸುತ್ತ.

ನಾವೆಲ್ಲ ಕೇಳಿಸಿಕೊಳ್ಳುತ್ತಿದ್ದೆವು. ವ್ಯವಸ್ಥಾಪಕರು ರಜೆಗೆ ಸಹಿ ಹಾಕಿದರು.

ದೊಡ್ಡಮ್ಮ ಮಧ್ಯಾಹ್ನದ ಬಸ್ಸಿಗೇ ಹೊರಟರು. ಮರುದಿನ, ಸುಖವಾಗಿ ತಲುಪಿದರೇ ಎಂದು ಕೇಳಲು ನಾನು ಫೋನು ಮಾಡಿದೆ. ಫೋನೆತ್ತಿದ ಮಗಳು ಪಿಸುದನಿಯಲ್ಲಿ ಮಾತನಾಡಿದಳು.

"ಬಂದವರೇ ಗೋಡೆಗೆ ಒರಗಿ ಕೂತ್ರು ಅಕ್ಕಾ, ಹಾಗೇ ನಿದ್ದೆ ಹೋಗಿಬಿಟ್ರು. ಆಮೇಲೆ ದಿಂಬು ಕೊಟ್ಟು ಮಲಗಿಸಿದ್ವಿ. ಇನ್ನೂ ಎದ್ದಿಲ್ಲ. ಊಟಕ್ಕಾದ್ರೂ ಎಬ್ಬಿಸ್ಲಾ ಅಂತ ನಮ್ಮ ಮನೆಯವರು ಕೇಳ್ತಿದ್ದಾರೆ. ಬೇಡ ಅಂದೆ. ನೋವು ಶುರುವಾದ್ರೆ ಎಬ್ಬಿಸ್ತೀನಿ. ಅಲ್ಲೀವರೆಗೂ ಮಲಗಲಿ."