ಒಗರು ನೋಡುವ ನಾಲಿಗೆ

ನನ್ನ ಅತ್ತೆ ಗೋಲಂದಾಮ್ ಮಹಾ ಪುಕ್ಕಲು. ಹೀಗಂದರೆ ನಮ್ಮೂರಲ್ಲಿ ಯಾರೂ ನಂಬುವುದಿಲ್ಲ. ಬೆನ್ನಿಗೆ ಕೂಸು ಕಟ್ಟಿಕೊಂಡು ಕುರಿಮಂದೆಯ ಜೊತೆ ಹಿಮದ ಕಣಿವೆ ದಾಟಿದವರು, ಕರಡಿಯನ್ನು ಕೋಲು ತೋರಿಸಿ ಅಟ್ಟಿದವರು ಅಂತ ಕಥೆ ಕಟ್ಟಿ ಹೇಳುತ್ತಾರೆ. ಹೇಳಲಿ ಬಿಡಿ. ಹನ್ನೊಂದು ವರ್ಷ ಒಂದೇ ಒಲೆಯ ಮುಂದೆ ಕೂತ ಸೊಸೆ ನಾನು, ನನಗೆ ಗೊತ್ತು.

ನಮ್ಮ ಬೆಟ್ಟದ ತುಂಬ ಬಲೂತ್ ಮರ. ಹೊರಗಿನವರು ಓಕ್ ಅಂತಾರಲ್ಲ, ಅದೇ. ಅದನ್ನು ನೆಟ್ಟವರಿಲ್ಲ, ನೀರೆರೆದವರಿಲ್ಲ, ಆದರೂ ಚಳಿಗೆ ಮುಂಚೆ ಕಾಯಿ ಸುರಿಸುತ್ತದೆ. ಬಿದ್ದದ್ದನ್ನಷ್ಟೇ ಆರಿಸುತ್ತೇವೆ, ಕಡೆಯ ಬುಟ್ಟಿಯಷ್ಟನ್ನು ಅಳಿಲಿಗೂ ಮುಂದೆ ಮೊಳೆಯುವ ಸಸಿಗೂ ಅಂತ ಬಿಟ್ಟು ಬರುತ್ತೇವೆ. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಿಸಿ, ಸುಲಿದು, ಕುಟ್ಟಿ, ಬುಟ್ಟಿಗೆ ತುಂಬಿ ತೊರೆಯ ಹರಿಯುವ ನೀರಲ್ಲಿ ಇಡಬೇಕು, ಒಗರು ಬಿಡುವ ತನಕ. ಎಷ್ಟು ದಿನ ಅಂತ ಕೇಳಬೇಡಿ. ಒಂದು ಮರದ ಕಾಯಿಗೆ ಮೂರು ದಿನ ಸಾಕು, ಪಕ್ಕದ ಮರದ್ದಕ್ಕೆ ಏಳು ದಿನವೂ ಸಾಲದು. ನಾಲಿಗೆಯೇ ಹೇಳಬೇಕು. ಒಗರು ಉಳಿದರೆ ಹೊಟ್ಟೆ ಕಟ್ಟಿಬಿಡುತ್ತದೆ, ಮಕ್ಕಳಿಗಂತೂ ಜೀವಕ್ಕೇ ಬರುತ್ತದೆ.

ಏಳು ಮನೆಯ ನಮ್ಮೂರಿಗೆ ಆ ನಾಲಿಗೆ ಅತ್ತೆಯದು, ಮೂವತ್ತು ವರ್ಷದಿಂದ. ಚಿಟಿಕೆ ಹಿಟ್ಟು ಬಾಯಿಗೆ ಹಾಕಿ, ಕಣ್ಣು ಮುಚ್ಚಿ, "ಆಯ್ತು, ಎತ್ತಿ" ಅಂದರೆ ಎತ್ತುವುದು. "ಇನ್ನೂ ಇರ್ಲಿ" ಅಂದರೆ ಗಂಡಸರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಲೋಕಕ್ಕೆಲ್ಲ ಆ ಕೆಟ್ಟ ಜ್ವರ ಹಬ್ಬಿದ ವರ್ಷ ಅತ್ತೆಯೂ ಹನ್ನೆರಡು ದಿನ ಮಲಗಿ ಎದ್ದರು. ಆ ಸಲ ಹಿಮವೂ ಬೇಗ ಬಿತ್ತು. ದಾರಿ ಮುಚ್ಚಿ ಗೋಧಿಹಿಟ್ಟಿನ ಲಾರಿ ಬರಲಿಲ್ಲ, ಬಲೂತ್ ರೊಟ್ಟಿಯೇ ಗತಿಯಾಯಿತು. ಆಗ ಅತ್ತೆ ಹೊಸದೊಂದು ನೇಮ ಶುರುಮಾಡಿದರು. ಯಾರ ಮನೆಯ ಬುಟ್ಟಿಯಾದರೂ ಸರಿ, ಮೊದಲ ರೊಟ್ಟಿ ಸತ್ತವರ ಪಾಲು. ಅದನ್ನು ತಾವೇ ಬಟ್ಟೆಯಲ್ಲಿ ಸುತ್ತಿ ಗೋರಿಗಳ ಕಡೆ ಒಯ್ಯುವರು. ಆಮೇಲೆ ಎರಡು ದಿನ ಆ ಹಿಟ್ಟನ್ನು ಯಾರೂ ಮುಟ್ಟುವಂತಿಲ್ಲ.

"ಸತ್ತವ್ರಿಗೆ ಈ ವರ್ಷ ಇದ್ದಕ್ಕಿದ್ದ ಹಾಗೆ ಹಸಿವು ಹತ್ಕೊಂಡ್ತಾ ಅತ್ತೆ?" ಅಂತ ಚುಚ್ಚಿದೆ.

"ನಿಂಗೆ ಬಾಯಿ ಜಾಸ್ತಿ ಆಯ್ತು. ಹೇಳಿದಷ್ಟು ಮಾಡು."

ಅವರು ದಿನೇ ದಿನೇ ಸೊರಗುತ್ತಿದ್ದರು. ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿ ಕೂರುವರು. ಜ್ವರದ ನಿತ್ರಾಣ ಅಂದುಕೊಂಡೆ.

ಒಂದು ಬೆಳಿಗ್ಗೆ ಹಳೆಯ ಹಿಟ್ಟು ಮುಗಿದಿತ್ತು. ಹೊಸ ಬುಟ್ಟಿ ಹಿಂದಿನ ದಿನವಷ್ಟೇ ಬಂದಿತ್ತು, ಅದರ ಮೊದಲ ರೊಟ್ಟಿಯನ್ನು ಅತ್ತೆ ಆಗಲೇ ಗೋರಿಗಳ ಕಡೆ ಒಯ್ದಿದ್ದರು. ನನ್ನ ಮಗಳು ಆಸ್ತಾರೆಗೆ ಐದು ವರ್ಷ, ಹಸಿವು ಅಂತ ಒಂದೇ ರಾಗ. ಅತ್ತೆ ತೊರೆಗೆ ಹೋಗಿದ್ದರು. ಸತ್ತವರ ಪಾಲು ಹೋಯಿತಲ್ಲ, ಇನ್ನೂ ಯಾಕೆ ಕಾಯಬೇಕು ಅಂದುಕೊಂಡು ಮೂರು ರೊಟ್ಟಿ ತಟ್ಟಿ, ಖರ್ಜೂರದ ಪಾಕ ಸವರಿ ಕೊಟ್ಟೆ. ನಾನು ಚೂರೂ ಬಾಯಿಗೆ ಹಾಕಲಿಲ್ಲ. ಅತ್ತೆ ಎತ್ತಿದ ಬುಟ್ಟಿ, ನೋಡುವುದೇನಿದೆ?

ಮರುದಿನ ಮಧ್ಯಾಹ್ನದ ಹೊತ್ತಿಗೆ ಮಗು ಮುದುರಿ ಬಿದ್ದಿತ್ತು. ಹೊಟ್ಟೆ ಹಲಗೆಯ ಹಾಗೆ ಬಿಗಿದಿತ್ತು. ಎರಡು ಸಲ ವಾಂತಿಯಾಯಿತು, ಆಮೇಲೆ ಅಳುವುದನ್ನೂ ನಿಲ್ಲಿಸಿತು.

ಅತ್ತೆ ಬಾಗಿಲಲ್ಲೇ ನಿಂತು ಕೇಳಿದರು, "ಏನು ತಿಂತು ಅದು?"

"ಹೊಸ ಹಿಟ್ಟಿನ ರೊಟ್ಟಿ. ನಿನ್ನೆ."

ಅವರು ಹೊಸ್ತಿಲ ಮೇಲೇ ಕೂತರು. "ನಂಗೆ ರುಚಿ ಗೊತ್ತಾಗಲ್ಲ ಮಗಳೇ. ಜ್ವರ ಬಂದಾಗಿಂದ ಉಪ್ಪೂ ಇಲ್ಲ, ಕಹೀನೂ ಇಲ್ಲ. ಬಾಯಲ್ಲಿ ಬರೀ ಮಣ್ಣು."

"ಹಂಗಾದ್ರೆ ಇಷ್ಟು ದಿನ ಏನು ನೋಡಿ ಹೇಳ್ತಿದ್ರಿ?"

"ಹೊಟ್ಟೆ ನೋಡಿ. ಮೊದಲ ರೊಟ್ಟಿ ನಾನೇ ತಿಂತಿದ್ದೆ. ಎರಡು ದಿನ ಕಾಯೋದು. ನನ್ನ ಹೊಟ್ಟೆ ಹಿಡಿದ್ರೆ ಬುಟ್ಟಿ ವಾಪಸ್ ನೀರಿಗೆ. ಈ ಬುಟ್ಟಿ ನನ್ನನ್ನೂ ಹಿಡಿದಿದೆ. ಈಗ ಅದನ್ನೇ ನೀರಿಗೆ ಹಾಕೋಣ ಅಂತ ಬಂದೆ."

"ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆ? ನನ್ನ ಮಗೂನ ಕೊಂದ್ರಲ್ಲ," ಅಂತ ಬಾಯಿಗೆ ಬಂದ ಹಾಗೆ ಬೈದೆ.

"ಹೆದರಿಕೆ ಆಯ್ತು. ಇದನ್ನ ಬಿಟ್ರೆ ಬೇರೆ ಹಿಟ್ಟಿಲ್ಲ. ಊರೋರು ಹೆದರಿ ತಿನ್ನದೆ ಹೋದ್ರೆ ಏನ್ಗತಿ? ನಾಲಿಗೆ ಹೋದ ಮುದುಕಿ ಇನ್ನು ಯಾಕೆ ಬೇಕು ಅಂತೀರೇನೋ ಅಂತಾನೂ ಹೆದರಿಕೆ."

ಇನ್ನೂ ಬೈಯಬೇಕು ಅಂತ ಬಾಯಿ ತೆರೆದೆ. ಮುಟ್ಟಬೇಡ ಅಂದಿದ್ದರು ಅವರು. ಕೊಟ್ಟವಳು ನಾನು. ಮಗುವಿಗೆ ಸುತ್ತಲು ಕಂಬಳಿ ಎಳೆದುಕೊಂಡೆ.

ನನ್ನ ಗಂಡ ಅಲಿಮುರಾದ್ ಹೇಸರಗತ್ತೆ ಹೊರಡಿಸಿದ. ಕೆಳಗಿನ ಊರಿನ ಆಸ್ಪತ್ರೆಗೆ ಹಿಮದಲ್ಲಿ ನಾಲ್ಕು ಗಂಟೆ ದಾರಿ. ಮಗುವನ್ನು ಕಂಬಳಿಯಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡು ನಾನು ಮೇಲೆ ಕೂತೆ. ಹನಿಹನಿ ಬಿಸಿನೀರು ಕುಡಿಸುತ್ತಾ, ಹೊಟ್ಟೆ ನೀವುತ್ತಾ ಹೊರಟೆವು.

"ಅಮ್ಮಾ, ನೀನು ಮನೇಲಿರು," ಅಂತ ಅವನು ತಾಯಿಗೆ ಅಂದ. ಅತ್ತೆ ಕೇಳಲಿಲ್ಲ, ಮೊಣಕಾಲುದ್ದ ಹಿಮದಲ್ಲಿ ಹಿಂದೆಯೇ ಬಂದರು. ನಾನು ಮಗುವಿನ ಮೂಗಿನ ಹತ್ತಿರ ಕೈಯಿಟ್ಟು ಉಸಿರು ನೋಡುತ್ತಿದ್ದೆ. ಒಂದೊಂದು ಸಲ ಉಸಿರು ತಡವಾದಾಗ ನನ್ನದೂ ನಿಂತ ಹಾಗಾಗುತ್ತಿತ್ತು. ಅಷ್ಟು ಭಯ ಹೆರಿಗೆಯಲ್ಲೂ ಪಟ್ಟಿರಲಿಲ್ಲ.

ಅರ್ಧ ದಾರಿ ದಾಟಿದಾಗ ಮಗು ಕಿರುಚಿತು. ಮರುಗಳಿಗೆಯಲ್ಲೇ ಕಟ್ಟಿದ್ದ ಹೊಟ್ಟೆ ಬಿಟ್ಟು ನನ್ನ ಮಡಿಲು ಬೆಚ್ಚಗಾಯಿತು. ಕಂಬಳಿ, ಲಂಗ, ಹೇಸರಗತ್ತೆಯ ತಡಿ, ಯಾವುದೂ ಉಳಿಯಲಿಲ್ಲ.

"ಅಮ್ಮಾ, ಗಲೀಜಾಯ್ತು," ಅಂತ ಮಗು ನಾಚಿಕೊಂಡಿತು.

ಅಲಿಮುರಾದ್ ದಾರಿಬದಿಯ ಮರ ತಬ್ಬಿಕೊಂಡು ಅತ್ತುಬಿಟ್ಟ. ನಾನು ನಗುತ್ತಾ ಅಳುತ್ತಾ ಹಿಮದಲ್ಲೇ ತೊಳೆದೆ. ಆಸ್ಪತ್ರೆಯವರು ನೋಡಿ, ಭಯವಿಲ್ಲ, ಎರಡು ದಿನ ಗಂಜಿ ಕೊಡಿ ಅಂದರು.

ಊರಿಗೆ ಮರಳಿದ ಮೇಲೆ ಅತ್ತೆ ಉಳಿದ ಆರು ಮನೆಗೂ ತಾವೇ ಹೋಗಿ ವಿಷಯ ಹೇಳಿ ಬಂದರು. ಬೇರೆ ಹಿಟ್ಟು ಇರಲಿಲ್ಲ, ತಿನ್ನದೆ ವಿಧಿಯಿಲ್ಲ. ಇನ್ನು ಮುಂದೆ ನನ್ನ ನಾಲಿಗೆ ನೋಡಲಿ ಅಂತ ಊರು ತೀರ್ಮಾನಿಸಿತು.

ಮೊದಲ ದಿನ ತೊರೆಯ ಹತ್ತಿರ ಕೂತು ಒಂದು ಚಿಟಿಕೆ ಬಾಯಿಗೆ ಹಾಕಿದೆ. ಒಗರಿಲ್ಲ ಅನ್ನಿಸಿತು. ಇನ್ನೊಂದು ಚಿಟಿಕೆ, ಮತ್ತೊಂದು. ಹತ್ತು ಸಲ ನೋಡಿದರೂ "ಎತ್ತಿ" ಅನ್ನುವ ಮಾತು ಹೊರಡಲಿಲ್ಲ. ಕೈ ನಡುಗುತ್ತಿತ್ತು.

"ನನ್ನ ಕೈಲಾಗಲ್ಲ ಅತ್ತೆ. ಮೂವತ್ತು ವರ್ಷ ಅದೆಂಗೆ ಧೈರ್ಯವಾಗಿ ಹೇಳಿದ್ರೋ."

"ಧೈರ್ಯ ಎಲ್ಲಿತ್ತೇ? ನಾಲಿಗೆ ಸರಿಯಿದ್ದಾಗ್ಲೂ ಒಂದೊಂದು ಬುಟ್ಟಿಗೂ ಹಿಂಗೇ ನಡುಗ್ತಿದ್ದೆ. ಕೈ ಕಾಣಬಾರ್ದು ಅಂತ ಸೆರಗಲ್ಲಿ ಮುಚ್ಕೊಂತಿದ್ದೆ, ಅಷ್ಟೇ."

ಹೆಂಗಸರು ಬುಟ್ಟಿ ಹಿಡಿದು ನನ್ನ ಬಾಯನ್ನೇ ನೋಡುತ್ತಿದ್ದರು. ನಾನು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು, "ಆಯ್ತು, ಎತ್ತಿ" ಅಂದೆ.