ಎದೆಮಟ್ಟದ ನೀರು

ನಮ್ಮಪ್ಪನಿಗೆ ಈಜು ಬರುತ್ತಿರಲಿಲ್ಲ. ನನಗೆ ಈಜು ಕಲಿಸಿದವರು ಮಾತ್ರ ಅವರೇ. ಹೀಗೆ ಹೇಳಿದರೆ ಜನ ನಗುತ್ತಾರೆ, ನಗಲಿ ಬಿಡಿ.

ಹಳ್ಳಿಮೈಸೂರಿನ ಹತ್ತಿರ ನಮ್ಮ ಶುಂಠಿ ಹೊಲ. ಹೊಲದ ಮೂಲೆಯಲ್ಲಿ ಕೃಷಿ ಹೊಂಡ, ಒಳಗೆಲ್ಲ ಕಪ್ಪು ಪ್ಲಾಸ್ಟಿಕ್ ಹಾಳೆ ಹಾಸಿದ್ದು. ಶಾಲೆಯಿಂದ ಬಂದವಳೇ ಚೂಡಿದಾರದಲ್ಲೇ ಅದಕ್ಕೆ ಇಳಿಯುತ್ತಿದ್ದೆ. ಮಕ್ಕಳಿಗೆ ಈಜು ಕಲಿಸುವಾಗ ಸೊಂಟಕ್ಕೆ ಹಗ್ಗ ಕಟ್ಟುವುದು ನಮ್ಮ ಕಡೆಯ ವಾಡಿಕೆ. ಕಲಿತ ಮೇಲೆ ಬಿಚ್ಚುತ್ತಾರೆ. ಅಪ್ಪ ಬಿಚ್ಚಲೇ ಇಲ್ಲ. ನಾನು ಪಿಯುಸಿಗೆ ಬಂದರೂ ಹಗ್ಗದ ಇನ್ನೊಂದು ತುದಿ ಅವರ ಕೈಯಲ್ಲೇ. ನಾನು ನೀರಿನಲ್ಲಿ, ಅವರು ಏರಿಯ ಮೇಲೆ ನನ್ನ ಜೊತೆಜೊತೆಗೇ ನಡೆದು ಬರುತ್ತಿದ್ದರು. ಹಸು ಮೇಯಿಸುತ್ತಿದ್ದೀರಾ ಎಂದು ದಾರಿಯಲ್ಲಿ ಹೋಗುವವರು ರೇಗಿಸುತ್ತಿದ್ದರು.

ನೀರು ಎಂದೂ ಎದೆಮಟ್ಟ ದಾಟುವಂತಿರಲಿಲ್ಲ. ಜಾಸ್ತಿಯಾದರೆ ಅಪ್ಪ ಪೈಪು ಹಾಕಿ ಶುಂಠಿಗೆ ಬಿಟ್ಟುಬಿಡುತ್ತಿದ್ದರು. ಅವರ ತಮ್ಮ, ನಾನು ಹುಟ್ಟುವ ಮೊದಲೇ, ನಾಲೆಯಲ್ಲಿ ಮುಳುಗಿ ಹೋಗಿದ್ದರು. ಆ ಸುದ್ದಿಯನ್ನು ಅಪ್ಪ ಎತ್ತುತ್ತಿರಲಿಲ್ಲ. ಹೊಂಡ ತುಂಬಿಸಿ ಎಂದು ನಾನು ಗೋಗರೆದಾಗಲೆಲ್ಲ ಬೇರೆಯದೇ ಲೆಕ್ಕ ತೆಗೆಯುತ್ತಿದ್ದರು.

"ಆಳದ ಕೆಸರಲ್ಲಿ ಎತ್ತು ಬಿರ್ರನೆ ಓಯ್ತದಾ? ತೆಳು ಕೆಸರಾದ್ರೆ ತಾನೆ ಓಗದು. ನೀರೂ ಅಂಗೇಯ ಕಣವ್ವ. ಕಮ್ಮಿ ಇದ್ದಷ್ಟೂ ಬೇಗ ಓಯ್ತೀಯ."

ಗದ್ದೆ ಉತ್ತವರ ಮಾತು. ನಾನೂ ನಂಬಿದ್ದೆ.

ಜಿಲ್ಲೆಯ ಆಯ್ಕೆ ಹಾಸನದ ಈಜುಕೊಳದಲ್ಲಿ. ಗೆದ್ದವಳೊಬ್ಬಳೇ ರಾಜ್ಯಮಟ್ಟಕ್ಕೆ. ವಯಸ್ಸಿನ ಮಿತಿಯಿತ್ತಲ್ಲ, ನನಗೆ ಅದೇ ಕೊನೆಯ ವರ್ಷ. ಹೊಳೆನರಸೀಪುರ ದಾಟಿ ಬಸ್ಸಿನಲ್ಲಿ ಹೋಗುವಾಗ ನೋಡಿದರೆ ಅಪ್ಪ ಹಗ್ಗವನ್ನೂ ಚೀಲದಲ್ಲಿ ಇಟ್ಟುಕೊಂಡು ಬಂದಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಕೊಳದ ತಳ ಎಲ್ಲೋ ಕೆಳಗಿತ್ತು. ಅರಕಲಗೂಡು ಕಡೆಯ ಹುಡುಗಿಯೊಬ್ಬಳು ನನಗಿಂತ ಒಂದೇ ಒಂದು ಗೇಣು ಮೊದಲು ಗೋಡೆ ಮುಟ್ಟಿದಳು. ಈಗಲೂ ನೆನೆದರೆ ಸಂಕಟವಾಗುತ್ತದೆ.

ಅಲ್ಲಿನ ಕೋಚ್ ಅಪ್ಪನನ್ನು ಪಕ್ಕಕ್ಕೆ ಕರೆದರು.

"ಯಜಮಾನ್ರೇ, ಇವಳು ಎಲ್ಲಿ ಕಲ್ತಿದ್ದು? ತಳ ತಗಲುತ್ತೇನೋ ಅನ್ನೋ ಹಾಗೆ ಕಾಲನ್ನ ಮಡಚ್ಕೊಂಡೇ ಈಜ್ತಾಳಲ್ಲ."

"ಹೊಂಡದಲ್ಲಿ ಸಾ. ಎದೆಮಟ್ಟ ನೀರು."

"ಅದಕ್ಕೇ. ಈಜುವಾಗ ನಾವು ಎಬ್ಬಿಸೋ ಅಲೆ ಕೆಳಕ್ಕೂ ಹೋಗುತ್ತೆ. ಆಳ ಇದ್ರೆ ಅಲ್ಲೇ ಅಡಗುತ್ತೆ. ಇಲ್ಲಾಂದ್ರೆ ತಳಕ್ಕೆ ಬಡಿದು ವಾಪಸ್ ಬಂದು ನಮ್ಮನ್ನೇ ತಡೆಯುತ್ತೆ. ಇಷ್ಟು ವರ್ಷ ಪಾಪ ತನ್ನ ಅಲೆ ಜೊತೆ ತಾನೇ ಗುದ್ದಾಡಿದ್ದಾಳೆ. ಆಳದಲ್ಲಿ ಕಲ್ತಿದ್ರೆ ಇವತ್ತು ಇವಳೇ ಗೆಲ್ತಿದ್ಲು."

ಅಪ್ಪ "ಊಂ ಸಾ" ಅಂದರು, ಅಷ್ಟೆ. ವಾಪಸ್ ಬರುವಾಗ ಬಸ್ಸಿನಲ್ಲಿ ಹಗ್ಗದ ಚೀಲವನ್ನು ಸೀಟಿನ ಕೆಳಕ್ಕೆ ತಳ್ಳಿದರು. ಬಾಯಿ ಬಿಟ್ಟರೆ ಏನು ಅಂದುಬಿಡುತ್ತೇನೋ ಎಂದು ನಾನು ಕಿಟಕಿ ಕಡೆ ತಿರುಗಿ ಕೂತೆ.

ಆಮೇಲೆ ಕರೆಂಟು ಇದ್ದಾಗಲೆಲ್ಲ ನಮ್ಮ ಮೋಟರು ಓಡಿತು. ಒಂದು ಬೆಳಿಗ್ಗೆ ಅಪ್ಪ ಬಾಗಿಲಲ್ಲಿ ನಿಂತು, "ತುಂಬ್ಸಿವ್ನಿ, ಬಾ ಮಗ" ಅಂದರು. ನೀರು ಏರಿಯ ಅಂಚಿಗೆ ಬಂದಿತ್ತು. ಇನ್ನು ತುಂಬಿದ ಹೊಂಡ ಕಟ್ಟಿಕೊಂಡು ಏನು ಮಾಡಲಿ ಎಂದು ಅನ್ನಬೇಕೆಂದಿದ್ದೆ. ಅಷ್ಟರಲ್ಲಿ ಅವರು ನನ್ನ ಸೊಂಟಕ್ಕೆ ಹಗ್ಗ ಕಟ್ಟಿ, ಗಂಟನ್ನು ಎರಡೆರಡು ಸಲ ಎಳೆದು ನೋಡಿದರು. ಇಳಿದೆ.

ಕೋಚ್ ಮಾತು ನೆನೆದು, ಕಾಲು ಮಡಚದೆ ಪೂರ್ತಿ ಚಾಚಿ ಈಜಿದೆ. ಕೆಳಗೆ ಏನೂ ತಗಲಲಿಲ್ಲ, ಏನೂ ವಾಪಸ್ ಬಂದು ಬಡಿಯಲಿಲ್ಲ. ಎಂದಿನಂತೆ ನಡೆಯತೊಡಗಿದ ಅಪ್ಪ ಸ್ವಲ್ಪ ಹೊತ್ತಿಗೆ ಓಡಬೇಕಾಯಿತು. ಹಗ್ಗ ಬಿಗಿಯಿತು, ಆಮೇಲೆ ಸಡಿಲವಾಯಿತು. ಆಚೆ ದಡ ಮುಟ್ಟಿ ತಿರುಗಿ ನೋಡಿದರೆ ಹಗ್ಗದ ತುದಿ ನೀರಿನಲ್ಲಿ ಬಿದ್ದಿತ್ತು. ಅಪ್ಪ ಅರ್ಧ ಏರಿಯಲ್ಲೇ ಏದುಸಿರು ಬಿಡುತ್ತ ಕೂತಿದ್ದರು. ಹತ್ತಿರ ಹೋದೆ. ಅಳುತ್ತಿದ್ದರು.

"ನೀನು ಇಷ್ಟು ಬಿರ್ರನೆ ಓಯ್ತೀಯ ಅಂತ ನಂಗೆ ಗೊತ್ತೇ ಇರ್ಲಿಲ್ವಲ್ಲ ಕಣವ್ವ."

ನಾನು ಹಗ್ಗ ಬಿಚ್ಚಿ ಅವರ ಪಕ್ಕದಲ್ಲಿಟ್ಟೆ.

"ಇನ್ನೊಂದ್ ವರ್ಷ ಬುಡಾಕಿಲ್ವಾ ಅವ್ರು?" ಅಂತ ಕೇಳಿದರು.

"ಇಲ್ಲಪ್ಪ" ಅಂದೆ.

ಅಪ್ಪ ಹೋಗಿ ಕೆಲವು ವರ್ಷವಾಯಿತು. ಇರುವವರೆಗೂ ಹೊಂಡದ ನೀರು ಎದೆಮಟ್ಟಕ್ಕೆ ಇಳಿಯಿತೆಂದರೆ ಮೋಟರು ಹಾಕುತ್ತಿದ್ದರು. ಅಷ್ಟು ಹೊತ್ತಿಗೆ ಅದರಲ್ಲಿ ಈಜುವವರು ಯಾರೂ ಇರಲಿಲ್ಲ.