ಸಸ್ಯಾಹಾರಿಯ ಗಾಳ

ಬೇಸಿಗೆಯ ಮೊದಲ ದೊಡ್ಡ ಮಳೆ ಬಿದ್ದ ಮರುದಿನ ಸಂಜೆ ದಯವಿಟ್ಟು ನಮ್ಮ ಮನೆಗೆ ಬರಬೇಡಿ. ಬಂದರೆ ಕಾಫಿ ಕೊಡುತ್ತೇನೆ, ಕುಶಲ ಕೇಳುತ್ತೇನೆ, ನಿಮ್ಮ ಮಗಳ ಮದುವೆ ಮಾತು ಎಲ್ಲಿಗೆ ಬಂತು ಎಂದೂ ವಿಚಾರಿಸುತ್ತೇನೆ. ಆದರೆ ನೀವು ಉತ್ತರ ಹೇಳುವಾಗ ನನ್ನ ಕಣ್ಣು ನಿಮ್ಮ ತಲೆಯ ಮೇಲಿನಿಂದ ಕಿಟಕಿಯಾಚೆ ಹೋಗಿರುತ್ತದೆ. ಒದ್ದೆ ನೆಲದಿಂದ ಈಸಲು ಏಳುತ್ತಿದೆಯೇ ಎಂದು ನೋಡುತ್ತಿರುತ್ತೇನೆ. ಈಸಲೆಂದರೆ ಮಳೆಯಾದ ಮೇಲೆ ಹುತ್ತದಿಂದ ಹೊಗೆಯ ಹಾಗೆ ಎದ್ದು ಬರುವ ರೆಕ್ಕೆಯ ಗೆದ್ದಲು. ಅದು ಎದ್ದಿತೆಂದರೆ ಮುಗಿಯಿತು, ನೀವೇ ಬಾಗಿಲು ಎಳೆದುಕೊಂಡು ಹೋಗಬೇಕು.

ಈ ಹುಚ್ಚು ಹತ್ತಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಆಗ ನಾನು ಮುಳಬಾಗಿಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಮನೆತನ ಪೌರೋಹಿತ್ಯದ್ದು, ದಶಾವತಾರದ ಪಟವೊಂದನ್ನು ಬಿಟ್ಟರೆ ನಮ್ಮಲ್ಲಿ ಯಾರೂ ಮೀನನ್ನು ಹತ್ತಿರದಿಂದ ಕಂಡವರಲ್ಲ. ಒಂದು ಶನಿವಾರ ಶಬ್ದಕೋಶ ಹುಡುಕಿಕೊಂಡು ಕೆಜಿಎಫ್‌ನ ಹಳೇ ಸಾಮಾನಿನ ಅಂಗಡಿಗೆ ಹೋದವನು, ಚಿನ್ನದ ಗಣಿಯ ಯಾರೋ ದೊರೆ ಬಿಟ್ಟುಹೋಗಿದ್ದ ಬಿದಿರಿನ ಗಾಳದ ಕೋಲು, ಒಂದು ತಗಡಿನ ಡಬ್ಬಿ, ರಟ್ಟು ಹರಿದ ಒಂದು ಇಂಗ್ಲಿಷ್ ಪುಸ್ತಕ ಹೊತ್ತುಕೊಂಡು ಬಂದೆ. ಶಬ್ದಕೋಶ ಇವತ್ತಿಗೂ ಕೊಂಡಿಲ್ಲ.

ಡಬ್ಬಿಯನ್ನು ಮೊದಲು ತೆರೆದವಳು ನನ್ನ ಹೆಂಡತಿ ಶಾರದ. ಮಾಲೂರಿನವಳು, ಇಟ್ಟಿಗೆ ಗೂಡುಗಳ ಊರಿನಲ್ಲಿ ಬೆಳೆದದ್ದರಿಂದಲೋ ಏನೋ, ಮಾತೂ ಸುಟ್ಟ ಇಟ್ಟಿಗೆಯಷ್ಟೇ ಗಟ್ಟಿ. ಒಳಗೆ ಸಾಲಾಗಿ ಪುಟ್ಟಪುಟ್ಟ ಕೊಕ್ಕೆಗಳು, ಒಂದೊಂದಕ್ಕೂ ರೇಷ್ಮೆ ದಾರದಲ್ಲಿ ಸುತ್ತಿದ ಬಣ್ಣದ ಪುಕ್ಕ. ಅವಳ ಮುಖ ಅರಳಿತು. ಒಂದನ್ನೆತ್ತಿ ಕಿವಿಯ ಹತ್ತಿರ ಹಿಡಿದು, "ಓಲೆ ತಂದ್ರಾ? ಜೊತೆ ಒಂದಕ್ಕೊಂದು ಸೇರ್ತಾನೇ ಇಲ್ವಲ್ರೀ!" ಎಂದಳು.

ಅದು ಓಲೆಯಲ್ಲ, ಮೀನಿಗೆ ಹಾಕುವ ಸುಳ್ಳು ಹುಳ ಎಂದು ವಿವರಿಸುವ ಪ್ರಸಂಗ ಬಂತು. ನಾನು ತರಗತಿಯ ಧಾಟಿಯಲ್ಲೇ ಶುರುಮಾಡಿದೆ. ಎರೆಹುಳ ಚುಚ್ಚುವ ಹಾಗಿಲ್ಲ, ಬರೀ ಪುಕ್ಕ ಮತ್ತು ದಾರ. ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡುವುದು. ಯಾರಿಗೂ ಹಿಂಸೆಯಿಲ್ಲದ, ಶುದ್ಧ ಸಸ್ಯಾಹಾರಿ ಗಾಳ.

"ಪುಕ್ಕ ಕೋಳೀದಲ್ವಾ?"

"ಅದು ತಾನಾಗಿ ಉದುರಿಸಿದ್ದಿರಬಹುದು."

"ಕೋಳಿ ನಿಮ್ಮ ಹತ್ರ ಹೇಳ್ತಾ?" ಎಂದು ಡಬ್ಬಿಯನ್ನು ಪಟ್ಟೆಂದು ಮುಚ್ಚಿದಳು. ಆಮೇಲೆ ತೀರ್ಪು ಕೊಟ್ಟಳು: "ಆಡ್ಕೊಳ್ಳಿ. ಆದ್ರೆ ಒಂದೇ ಒಂದು ಮೀನು ಸತ್ರೂ ಈ ಕೋಲು ಹಂಡೆ ಒಲೆಗೆ." ಒಣಗಿದ ಒಳ್ಳೆಯ ಬಿದಿರು ಅದು. ಚಟಚಟನೆ ಉರಿಯುತ್ತಿತ್ತು.

ಪುಸ್ತಕವಂತೂ ನನ್ನನ್ನು ಕೆಡಿಸಿಬಿಟ್ಟಿತು. ಅದರಲ್ಲಿ ಟ್ರೌಟ್ ಎಂಬ ಮೀನು, ಅದಕ್ಕೊಂದು ತಣ್ಣೀರಿನ ಹೊಳೆ. ಹೊಳೆಯ ತಳದಿಂದ ಯಾವ ತಿಂಗಳು ಯಾವ ಹುಳ ಎದ್ದು ರೆಕ್ಕೆ ಬಿಚ್ಚುತ್ತದೆ, ಗಾಳಿ ಎತ್ತಣಿಂದ ಬೀಸಬೇಕು, ಮೋಡ ಎಷ್ಟಿರಬೇಕು, ಎಲ್ಲಕ್ಕೂ ಲೆಕ್ಕ. ಆ ದಿನದ ಹುಳವನ್ನೇ ಹೋಲುವ ಪುಕ್ಕ ಬಿಟ್ಟರೆ ಮೀನು ಮೋಸಹೋಗುತ್ತದೆ. ಏಪ್ರಿಲ್‌ನಲ್ಲಿ ಬೂದು ರೆಕ್ಕೆಯದು, ಮೇ ಕಳೆಯುವಾಗ ಹಸಿರು ಮೈಯದು. ಓದುತ್ತಿದ್ದರೆ ನಮ್ಮ ಅಪ್ಪ ಪಂಚಾಂಗ ಶ್ರವಣ ಮಾಡಿಸಿದ ಹಾಗೇ ಇತ್ತು. ಒಂದೇ ತೊಂದರೆ, ನಮ್ಮ ಕೋಲಾರ ಸೀಮೆಯಲ್ಲಿ ಟ್ರೌಟೂ ಇಲ್ಲ, ಹೊಳೆಯೂ ಇಲ್ಲ. ಪಾಲಾರ್ ಎಂಬುದೊಂದಿದೆ, ಹೆಸರು ಮೇಲೆ, ನೀರು ಮರಳಿನ ಕೆಳಗೆ. ಆದರೆ ಕೆರೆಗಳಿಗೇನು ಬರ? ಕೆರೆಯಲ್ಲಿ ಗೆಂಡೆ ಮೀನಿದೆ. ಟ್ರೌಟ್ ಮಾಡುವುದನ್ನು ಗೆಂಡೆ ಯಾಕೆ ಮಾಡಬಾರದು ಎಂದು ಅಪ್ಪನ ಪಂಚಾಂಗ ಮುಂದಿಟ್ಟುಕೊಂಡು ಕೂತೆ. ಭರಣಿ, ಕೃತ್ತಿಕೆ ಮಳೆಗೆ ಈಸಲು. ಆರಿದ್ರೆಗೆ ಜೀರುಂಡೆ. ಸ್ವಾತಿಯ ಹೊತ್ತಿಗೆ ಮಾಗಿದ ರಾಗಿ ಹೊಲದಿಂದ ಗಾಳಿಗೆ ಹಾರಿ ನೀರಿಗೆ ಬೀಳುವ ಮಿಡತೆ. ಅಪ್ಪ ಇಣುಕಿ ನೋಡಿ, ಮಗನಿಗೆ ಕೊನೆಗೂ ಜ್ಯೋತಿಷ್ಯದಲ್ಲಿ ಆಸಕ್ತಿ ಹುಟ್ಟಿತೆಂದು ಸಂತೋಷಪಟ್ಟರು. ನಾನೂ ಅವರ ಸಂತೋಷ ಕೆಡಿಸಲಿಲ್ಲ.

ಇನ್ನು ಕೋಲು ಬೀಸುವುದು. ಪುಕ್ಕಕ್ಕೆ ತೂಕವಿಲ್ಲ, ದಾರವನ್ನೇ ತಲೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಚಾಟಿಯಂತೆ ಆಡಿಸಿ ದೂರ ಬಿಡಬೇಕು. ಮಹಡಿಯ ಮೇಲೆ ಅಭ್ಯಾಸ ಮಾಡಿ ಪಕ್ಕದ ಮನೆಯ ಸೀರೆ, ನಮ್ಮ ಸಂಡಿಗೆಯ ಬಟ್ಟೆ, ನನ್ನದೇ ಕಿವಿ ಇಷ್ಟನ್ನು ಹಿಡಿದೆ. ಬೈರಕೂರಿನ ಕಡೆ ಒಂದು ಕೆರೆಗೆ ಹೋದ ಮೊದಲ ದಿನ, ಏರಿಯ ಮೇಲೆ ಹೋಗುತ್ತಿದ್ದವನೊಬ್ಬನ ರುಮಾಲನ್ನು ಎಗರಿಸಿ ನೀರಿಗೆ ಹಾಕಿದೆ. ಅವನು ತಿರುಗಿದ. ನೋಡಿದರೆ ಮಿಡ್ಲ್ ಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಚೌಡಪ್ಪ. ಈಗ ಅಲ್ಲೇ ಮಾವಿನ ತೋಟ, ಹಿಪ್ಪುನೇರಳೆ ಎಂದು ಬೇಸಾಯ ಮಾಡಿಕೊಂಡಿದ್ದಾನೆ.

"ಏನ್ಲಾ ಸಾಮಿ, ಕೆರೆಗೆ ಚಾಟೀಲಿ ಹೊಡೀತಾ ಇದ್ದೀಯ? ಏನ್ ತಪ್ಪು ಮಾಡ್ತು ಪಾಪ?"

ಅವನಿಗೂ ಸಿದ್ಧಾಂತ ವಿವರಿಸಿದೆ. ಪುಕ್ಕದ ಭಾಗ ಅರ್ಥವಾಯಿತು. ಹಿಡಿದ ಮೀನನ್ನು ಬಿಡುವುದು ಎಂಬಲ್ಲಿಗೆ ಬಂದಾಗ ನನ್ನ ಹಣೆ ಮುಟ್ಟಿ ನೋಡಿದ.

ಆ ವರ್ಷ ಕೃತ್ತಿಕೆ ಮಳೆ ಜೋರಾಗಿ ಹೊಯ್ದಿತು. ಮರುದಿನ ಸಂಜೆ ಸೈಕಲ್ ತುಳಿದು ಕೆರೆ ಮುಟ್ಟುವಷ್ಟರಲ್ಲಿ, ಅಬ್ಬಾ, ಏನು ಹೇಳಲಿ! ಏರಿಯ ಪಕ್ಕದ ಹುತ್ತಗಳಿಂದ ಈಸಲು ಕುದಿಯುತ್ತಿತ್ತು. ಹುರಿದು ಪುರಿಯ ಜೊತೆ ತಿನ್ನಲು ಹೆಂಗಸರು ಮೊರ, ಮಂಕರಿ ತಂದು ಬಾಚುತ್ತಿದ್ದರು. ಕಾಗೆ, ಮೈನಾ, ನಾಯಿ ಎಲ್ಲಕ್ಕೂ ಹಬ್ಬ. ಕೈತಪ್ಪಿದ ಹುಳವೆಲ್ಲ ನೀರಿನ ಮೇಲೆ ಬೀಳುತ್ತಿತ್ತು. ಅಲ್ಲಿ ಗುಳುಕ್, ಇಲ್ಲಿ ಗುಳುಕ್! ಕೆರೆ ತುಂಬ ಉಂಗುರಗಳು. ಇಂಗ್ಲೆಂಡಿನ ಹೊಳೆಗೆ ಹೇಳಿದ್ದು ನಮ್ಮ ಕೆರೆಗೂ ಹೊಂದಿಬಿಟ್ಟಿತ್ತು! ಆತುರದಲ್ಲಿ ಕೊಕ್ಕೆಗೆ ದಾರ ಪೋಣಿಸಲೇ ಆಗಲಿಲ್ಲ. ಕೊನೆಗೆ ತೋಟದಿಂದ ಬಂದ ಚೌಡಪ್ಪನೇ ಬೈಯುತ್ತ ಪೋಣಿಸಿಕೊಟ್ಟ.

ಕಂದು ಪುಕ್ಕದ್ದೊಂದನ್ನು ಬೀಸಿದೆ. ಅದು ಸುಮ್ಮನೆ ತೇಲಿತು. ಅದರ ಕೆಳಗೆ ನೀರು ಉಬ್ಬಿತು, ಗುಳುಕ್. ಕೋಲು ಬಿಲ್ಲಾಗಿ ಬಗ್ಗಿತು. ಚೌಡಪ್ಪ ಉದ್ವೇಗದಲ್ಲಿ ಕನ್ನಡ ಮರೆತು ತೆಲುಗಿಗೆ ಬಂದ: "ವದಲೊದ್ದು ರಾ, ವದಲೊದ್ದು! ಬಿಡ್ಬೇಡ ಕಣೋ! ಸಾರಿಗಾಯ್ತದೆ!" ನಾನೂ ಏನೇನೋ ಕೂಗಿದೆ. ಮಂತ್ರವೂ ಇದ್ದಿರಬೇಕು.

ಮೀನು ದಡಕ್ಕೆ ಬಂತು, ಬೆಳ್ಳಿ ತಟ್ಟೆಯ ಹಾಗೆ ಹೊಳೆಯುತ್ತ. ಆಗ ಹೊಳೆಯಿತು ನೋಡಿ ನನಗೆ: ಇದನ್ನು ಬಿಡಬೇಕಾದರೆ ಮೊದಲು ಮುಟ್ಟಬೇಕು. ಪುಸ್ತಕದಲ್ಲಿ ಹುಳದ ಬಗ್ಗೆ ಅಷ್ಟು ಬರೆದವನು ಇದನ್ನು ಬರೆದಿರಲಿಲ್ಲ. ಮೀನು ಬಾಯಿ ತೆರೆದು ಮುಚ್ಚುತ್ತಿತ್ತು. ಚೌಡಪ್ಪ ಕೈಚಾಚಿದ, ಅವನ ಕೈಗೆ ಕೊಟ್ಟರೆ ಅದು ನೇರ ಬೈರಕೂರಿನ ಒಲೆಗೆ. ಕಣ್ಣುಮುಚ್ಚಿ ಹಿಡಿದುಬಿಟ್ಟೆ. ತಣ್ಣಗೆ, ಜಾರುತ್ತ, ಒಳಗೆಲ್ಲ ಬಲವೇ ತುಂಬಿಕೊಂಡಿದ್ದ ಮೈ. ಕೊಕ್ಕೆ ಬಿಡಿಸುವಾಗ ತುಟಿಯಿಂದ ಒಂದು ಹನಿ ರಕ್ತ ಬಂತು. ನೀರೊಳಗೆ ಇಟ್ಟೆ. ಅದು ಅಲುಗಲಿಲ್ಲ. ಪಕ್ಕಕ್ಕೆ ಒರಗಿತು. ಕೋಲು, ಒಲೆ ಎಲ್ಲ ಮರೆತುಹೋಗಿ, ಮೊಣಕಾಲುದ್ದ ಕೆಸರಿನಲ್ಲಿ ಕೂತು, ಎರಡೂ ಕೈಯಲ್ಲಿ ಅದನ್ನು ನೆಟ್ಟಗೆ ಹಿಡಿದುಕೊಂಡು, "ಹೋಗಪ್ಪಾ, ಹೋಗು" ಎಂದು ಬೇಡಿಕೊಂಡೆ. ನಿಜವಾಗಿ ಅಳು ಬಂದಿತ್ತು. ಚೌಡಪ್ಪನೂ ಸಾರಿನ ಮಾತು ಬಿಟ್ಟು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

ಬಹಳ ಹೊತ್ತಿನ ಮೇಲೆ ಬಾಲ ಒಮ್ಮೆ ಮಿಸುಕಿತು. ಮುಖಕ್ಕೆ ನೀರೆರಚಿ ಹೋಯಿತು.

ಮನೆಗೆ ಬಂದು ಕುಣಿಯುತ್ತ ಎಲ್ಲ ಹೇಳಿದೆ. ಶಾರದ ಮೂಗು ಮುಚ್ಚಿಕೊಂಡೇ ಪೂರ್ತಿ ಕೇಳಿ, "ಅದಕ್ಕೆ ನೋವಾಯ್ತಾ?" ಎಂದಳು. ಆಗಿರಬೇಕು ಎಂದೆ. ಅವಳು ಕೈಗೆ ಸೀಗೆಪುಡಿ ಹಾಕಿದಳು. ಬೈದಿದ್ದರೆ ವಾದ ಮಾಡಬಹುದಿತ್ತು. ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಬೆಳಿಗ್ಗೆ ಇಕ್ಕಳ ತೆಗೆದುಕೊಂಡು ಡಬ್ಬಿಯ ಕೊಕ್ಕೆಗಳ ಮೊನೆಗಳನ್ನೆಲ್ಲ ಒಂದೊಂದಾಗಿ ಕತ್ತರಿಸಿಹಾಕಿದೆ.

ಅಂದಿನಿಂದ ನನ್ನ ಮೀನುಗಾರಿಕೆ ಹೀಗೆಯೇ. ಈಸಲು ಎದ್ದ ಸಂಜೆ ಕೆರೆಗೆ ಹೋಗುತ್ತೇನೆ, ಬೀಸುತ್ತೇನೆ, ಗೆಂಡೆ ನಂಬಿ ಎದ್ದು ಬರುತ್ತದೆ, ಗುಳುಕ್ ಎಂದು ಬಾಯಿಗೆ ಹಾಕಿಕೊಂಡು ಥೂ ಎಂದು ಉಗಿದು ಹೋಗುತ್ತದೆ. ಆ ಗುಳುಕ್ ಕೇಳಿದಾಗಲೆಲ್ಲ ಎದೆ ಅದೇ ಮೊದಲ ದಿನದಷ್ಟು ಹಾರುತ್ತದೆ. ಚೌಡಪ್ಪ ತನ್ನ ನೆಂಟರನ್ನು ಕರೆತಂದು, ಇಂಥವರೂ ಇರುತ್ತಾರೆ ಎಂದು ತೋರಿಸಿಕೊಂಡು ಹೋಗುತ್ತಾನೆ.

ಮೊನ್ನೆಯ ಭರಣಿ ಮಳೆಗೂ ಹೋಗಿದ್ದೆ. ತೊಯ್ದು ತೊಪ್ಪೆಯಾಗಿ ಕತ್ತಲಿಗೆ ಮನೆ ಸೇರಿ, ಒಂದೇ ಉಸಿರಿಗೆ ಶಾರದಳಿಗೆ ಹೇಳಿದೆ: "ಇವತ್ತು ಎಷ್ಟು ಮೀನು ಮೋಸಹೋದವು ಗೊತ್ತೇನೆ!"

ಅವಳು ನನ್ನ ಕೆಸರಿನ ಪಂಚೆ, ಸೀನುತ್ತಿದ್ದ ಮೂಗು, ಖಾಲಿ ಕೈ ಎಲ್ಲವನ್ನೂ ನಿಧಾನವಾಗಿ ನೋಡಿ ಟವೆಲ್ ಕೊಟ್ಟಳು.

"ಮೀನುಗಳೂ ಮನೇಗ್ ಹೋಗಿ ನಿಮ್ಮ ವಿಷ್ಯ ಅದನ್ನೇ ಹೇಳ್ತಿರ್ತಾವೆ," ಎಂದಳು.